ಭಾರತಿ ಅಂಗಡಿ ಬೋಣಿ

ನಮ್ಮ ರಂಗಂಪೇಟಿ ಓಣ್ಯಾಗ ಬೋಣಿ ಆಗೋತನಕ ನಾ ಯಾವ ಅಂಗಡಿ ಮೆಟ್ಟಲಾನೂ ಹತ್ತಂಗಿಲ್ಲ. ಬೋಣಿ ಅಂದ್ರ ದಿನದ ಮೊದಲನೇ ಯಾಪಾರ. ಪೈಲೇ ಗಿರಾಕಿ ಕೈಗುಣ ಚಲೋ ಇತ್ತಂದ್ರ ದಿನ ಚಲೋ ಹೋಗ್ತದಂತ, ಕೆಟ್ಟಿತ್ತಂದ್ರ ಸಂಜಿತನಕ ನೊಣ ಹೊಡಕೋತ ಕುಂಡ್ರೋದಂತ. ನನ್ನ ಗಂಡ ತೀರಿ ಭಾಳ ವರ್ಷ ಆತು. ಅವತ್ತಿನಿಂದ ನನ್ನ ಕೈ ಬೋಣಿಗಿ ನಡ್ಯಂಗಿಲ್ಲ ಅಂತ ಓಣಿ ಮಂದಿ ತೀರ್ಮಾನ ಮಾಡ್ಯಾರ. ಯಾರೂ ಡಂಗುರ ಹೊಡಸಿ ಹೇಳಿಲ್ಲ. "ಸ್ವಲ್ಪ ತಡಿಯವಾ" ಅಂತಾರ, ಮಾರಿ ಆ ಕಡಿ ಮಾಡ್ತಾರ, ಅಷ್ಟ.

ಇದರಾಗ ನನಗ ಮೈಯೆಲ್ಲಾ ಉರಿಯೋ ಮಾತು ಯಾವುದಂದ್ರ, ಇದೇ ಮಂದಿ ಮಧ್ಯಾಹ್ನ ಉಣ್ಣೋದು ನಾ ಬಡದ ರೊಟ್ಟಿ. ರೊಟ್ಟಿ ಮಲ್ಲೇಶ್ವರಿ ಅಂದ್ರ ಸುರಪುರ ಬಸ್ ಸ್ಟ್ಯಾಂಡಿನ್ಯಾಗೂ ನನ್ನ ಮನಿ ದಾರಿ ತೋರಸ್ತಾರ. ಈಗಿನ ಸೊಸಿದೇರಿಗಿ ಚಪಾತಿ ಬರ್ತಾವ, ಮೊಬೈಲ್ ನೋಡಿ ಕೇಕ್ ಬರ್ತಾವ, ಜ್ವಾಳದ ಹಿಟ್ಟು ಮುಂದ ಇಟ್ರ ಮಾತ್ರ ಕೈ ಓಡಂಗಿಲ್ಲ. ಹಂಗಾಗಿ ಅರ್ಧ ಓಣಿ ಹೊಟ್ಟಿ ನನ್ನ ಹಂಚಿನ ಮ್ಯಾಲ ಅದ. ನನ್ನ ಕೈ ರೊಟ್ಟಿ ನಡೀತದ, ನನ್ನ ಕೈ ರೊಕ್ಕ ನಡ್ಯಂಗಿಲ್ಲ! ಹಣಿಗಿ ಮೂರು ಬೆರಳ ವಿಭೂತಿ ಹಚಗೊಂಡು, ನಮ್ಮ ಧರ್ಮದಾಗ ಸೂತಕಿಲ್ಲ ಪಾತಕಿಲ್ಲ ಅಂತ ಮಠದಾಗ ತಲಿ ಅಲ್ಲಾಡಸೋ ಮಂದೀನ ಇದು. ಮಠ ಬಿಟ್ಟು ಅಂಗಡಿಗಿ ಬಂದ್ರಂದ್ರ ಎಲ್ಲಾ ಮರೀತಾರ.

ಅದಕ್ಕ ನಾ ಮುಂಜಾನಿ ಮೆಹಬೂಬನ ಚಾದಂಗಡಿ ಬೆಂಚಿನ ಮ್ಯಾಲ ಕುಂಡ್ರತೀನಿ. ಮೆಹಬೂಬ ಪೈಲೇ ಕಪ್ ಚಾ ಯಾರಿಗೂ ಕೊಡಂಗಿಲ್ಲ, ರಸ್ತಾದ ಮ್ಯಾಲ ಚೆಲ್ಲತಾನ. ಅವರಪ್ಪನ ಕಾಲದಿಂದ ನಡಕೊಂಡು ಬಂದದ್ದು. ಅವನ ಬೋಣಿ ರಸ್ತಾನ ಮಾಡ್ತದ, ಎರಡನೇ ಕಪ್ ನನಗ ಬರ್ತದ. ಅಲ್ಲೇ ಕುಂತು ಚಾ ಕುಡಕೋತ, ಎದುರಿಗಿನ ಷಟರ್ ಒಂದೊಂದ ಮ್ಯಾಲ ಹೋಗೋದು ನೋಡ್ತೀನಿ. ಮೂಲ್ಯಾಗ ಹಂಪಣ್ಣ ಸಾವಕಾರರ ಅರಬಿ ಬಟ್ಟಿ ಅಂಗಡಿ, ಅದರ ಬಾಜೂಕ ಮಹೇಶಕುಮಾರನ ಕಿರಾಣಿ ಅಂಗಡಿ. ಯಾರ ಮನ್ಯಾಗ ಜಗಳ ಆಗ್ಯಾದ, ಯಾರ ಸೊಸಿ ತವರಿಗಿ ಹೋಗ್ಯಾಳ, ಎಲ್ಲಾ ಅಲ್ಲಿಂದನ ತಿಳೀತದ. ಟಿವಿ ಯಾಕ ಬೇಕ್ರಿ ನನಗ?

ಮಹೇಶಕುಮಾರ ಚಲೋ ಹುಡುಗ. ಬೋಣಿ ವಿಷಯದಾಗ ಅವನೂ ಎಲ್ಲಾರಂಗೇ, ಆದ್ರ "ತಡೀರಿ" ಅನ್ನೋವಾಗ ಅವನ ತಲಿ ಕೆಳಗ ಆಗತಿತ್ತು. ಅಷ್ಟಕ್ಕ ನಾ ಅವಗ ಬೈಯಾಕ ಹೋಗಲಿಲ್ಲ. ಅವನ ಅಂಗಡಿ ಕಟ್ಟಿ ಅಂದ್ರ ಓಣಿ ಹೆಣ್ಮಕ್ಕಳ ಕಚೇರಿ. ಸಂಜಿಮುಂದ ಅರ್ಧ ಪಾವು ಸಕ್ರಿ ತರಾಕ ಹೋದಾಕಿ ಒಂದು ತಾಸು ಮಾತಾಡಿ, ಸಕ್ರಿ ಬಿಟ್ಟು ಮನಿಗಿ ಬರಾಕಿ. ದೀಪ ಹಚ್ಚಿದ ಮ್ಯಾಲ ಅವ ಉಪ್ಪು ಮಾರತಿದ್ದಿಲ್ಲ, ಲಕ್ಷ್ಮಿ ಹೋಗ್ತಾಳ ಅಂತ. ಆದ್ರ ಯಾರರ ಮನ್ಯಾಗ ಪಲ್ಯಾ ಒಲಿ ಮ್ಯಾಲ ಅದ ಅಂದ್ರ, ಅವನ ಹೆಂಡ್ತಿ ಭಾರತಿ ತನ್ನ ಅಡಗಿ ಮನಿಯಿಂದ ಒಂದು ವಾಟಿ ಉಪ್ಪು ತಂದು ಕೈಯಾಗ ಇಡತಿದ್ಳು. ಮಾರಿದಂಗೂ ಆಗಲಿಲ್ಲ, ಪಲ್ಯಾ ಸಪ್ಪಗೂ ಆಗಲಿಲ್ಲ. ಗಂಡ ಹೆಂಡ್ತಿ ಹಂಗ ಕೂಡಿ ಸಂಸಾರ ಮಾಡತಿದ್ರು.

ಪಂಚಮಿ ಹತ್ರ ಬಂದಿತ್ತು. ಶಹಾಪುರಕ್ಕ ಮಾಲು ತರಾಕ ಹೋದ ಮಹೇಶ, ಎದಿ ಹಿಡದಂಗ ಆಗ್ತದ ಅಂತ ಟೆಂಪೋದಾಗ ಒರಗಿ ಕುಂತಾಂವ, ಊರು ಬಂದ್ರೂ ಇಳೀಲಿಲ್ಲ. ನಲವತ್ತು ಸುದ್ದಾ ತುಂಬಿರಲಿಲ್ಲ ಹುಡುಗಗ. ಒಬ್ಬಾಕಿ ಮಗಳು ಅದಾಳ, ಗಂಗಾ ಅಂತ, ಇನ್ನಾ ಸಣ್ಣ ಸಾಲಿ ಹುಡುಗಿ. ಭಾರತಿ ಅತ್ತಿ ಮಾವ ಮೊದಲೇ ತೀರಿ ಹೋಗ್ಯಾರ. ಅವರ ಮನ್ಯಾಗ ಒಲಿ ಹಚ್ಚೋತನಕ ಓಣೀನ ಬುತ್ತಿ ಒಯ್ತು. ರೊಟ್ಟಿ ನಂದು, ಬ್ಯಾಳಿ ಹಂಪಣ್ಣ ಸಾವಕಾರರ ಮನೀದು, ಮೆಹಬೂಬ ಎರಡೂ ಹೊತ್ತು ಕಿಟ್ಲಿ ತುಂಬ ಚಾ ಇಟ್ಟು ಮಾತಾಡದಂಗ ಹೋಗತಿದ್ದ. ಆ ಹುಡುಗಿ ಭಾರತಿ ಮಾರಿ ನೋಡಾಕ ಆಗತಿದ್ದಿಲ್ಲ ನನಗ. ನಾ ಅದೇ ವಯಸ್ಸಿನ್ಯಾಗ ಅದೇ ಮಾರಿ ಇಟಗೊಂಡು ಕುಂತಾಕಿ.

ದಿವಸದ ಕಾರ್ಯ ಮುಗೀತು. ಷಟರ್ ಮಾತ್ರ ಮ್ಯಾಲ ಹೋಗಲಿಲ್ಲ.

ನಮ್ಮ ಓಣ್ಯಾಗ ಒಂದು ರೀತಿ ಅದ. ಅಂಗಡಿಕಾರ ಸತ್ತ ಮನ್ಯಾಗ ಉಳದೋರು ತಾವಾಗೇ ಹೋಗಿ ಅಂಗಡಿ ತೆಗಿಯಂಗಿಲ್ಲ. ತೆಗದ್ರ, ಕಣ್ಣೀರು ಆರಿಲ್ಲ, ಆಗಲೇ ಯಾಪಾರದ ಆಸಿ ಬಂತು ನೋಡು ಅಂತ ಮಂದಿ ಆಡಕೋತಾರ. ಅದಕ್ಕ ಓಣಿ ಅಂಗಡಿಕಾರರೆಲ್ಲಾ ಕೂಡಿ ಅವರ ಮನಿಗಿ ಹೋಗಬೇಕು. "ಏಳಪ್ಪಾ, ಆದದ್ದಾತು, ನಡಿ" ಅಂತ ಕೈ ಹಿಡದು ಎಬ್ಬಿಸಿ ಕರಕೊಂಡು ಬರಬೇಕು. ಮುಂದ ನಿಂತು ಷಟರ್ ತೆಗಸಬೇಕು, ಚಲೋ ಕೈಗುಣದೋರು ಒಬ್ಬರು ಬೋಣಿ ಮಾಡಬೇಕು, ಆಮ್ಯಾಲ ಎಲ್ಲಾರೂ ಏನರ ಒಂದು ತಗೋಬೇಕು. ಇದಕ್ಕ ಅಂಗಡಿ ತೆಗಸೋದು ಅಂತಾರ. ಎಷ್ಟೋ ಮಂದಿ ಮಕ್ಕಳಿಗಿ, ತಮ್ಮಂದಿರಿಗಿ ಹಿಂಗ ತೆಗಸ್ಯಾರ. ಓಣಿ ಹಿರಿಯ ಅಂತ ಪ್ರತಿ ಸಲಾನೂ ಹಂಪಣ್ಣ ಸಾವಕಾರರೇ ಮುಂದ ನಿಂತಾರ. ಈ ಸಲ ಅವರು ಬಾಜೂ ಅಂಗಡ್ಯಾಗ ಕುಂತು, ಅರಬಿ ಮಡಚಿದ್ದನ್ನ ಮಡಚಕೋತ ಸುಮ್ಮನಿದ್ರು.

ಕಿರಾಣಿ ಬಂದಾದ ಮ್ಯಾಲ ನಾವು ಸುರಪುರದಾಗ ಹೊಸದಾಗಿ ಆಗ್ಯಾದಲ್ಲ ದೊಡ್ಡ ಮಾರ್ಟು, ಅಲ್ಲಿಗಿ ಹೋಗಬೇಕಾತು. ನಾನೂ ಒಂದಿನ ಹೋದೆ. ಬಾಗಲ್ದಾಗ ನನ್ನ ಕೈಚೀಲ ಇಸಗೊಂಡು ನಂಬರಿನ ಬಿಲ್ಲಿ ಕೊಟ್ರು, ನಾ ಏನು ಕಳ್ಳಿ ಏನ್ರಿ? ಒಳಗ ತಂಪಂದ್ರ ತಂಪು. ಮುಂಜಾನಿ ಬಾಗಲಾ ತೆಗದ ಕೂಡಲೇ ಪೈಲೇ ನಾನೇ ಹೋಗೀನಿ, ಯಾರೂ ತಡಿ ಅನ್ನಲಿಲ್ಲ. ಇದೊಂದು ಚಲೋ ಆತು ಅಂತ ಖುಷಿ ಪಡಬೇಕಿತ್ತು, ಸುಳ್ಳು ಯಾಕ ಹೇಳ್ಲಿ, ಜರಾ ಖುಷಿನೂ ಆತು. ಆದ್ರ ಯಾರೂ ಮಾತೂ ಆಡಲಿಲ್ಲ. "ಮೊಣಕಾಲು ಹೆಂಗದಾವ, ಎಣ್ಣಿ ತಿಕ್ಕಿದೇನು" ಅಂತ ಕೇಳೋರಿಲ್ಲ. ಸಕ್ರಿ ತಗೊಂಡು ಹೊರಗ ಬಂದೆ, ಆಟೋದಾಗ ಕುಂತು ಮನಿಗಿ ಬರೋತನಕ ಯಾಕೋ ಅಳು ಬಂದಂಗ ಆಗಾಕತ್ತಿತ್ತು.

ಅವತ್ತ ಸಂಜಿಮುಂದ ರೊಟ್ಟಿ ಒಯ್ದು ಕೊಡಾಕ ಭಾರತಿ ಮನಿಗಿ ಹೋದೆ. ಆಕಿ ಮನ್ಯಾಗ ಇರಲಿಲ್ಲ. ಮನಿಯಿಂದ ಅಂಗಡಿಗಿ ಒಂದು ಒಳಬಾಗಲಾ ಅದ. ಆ ಬಾಗಲದಿಂದ ಹೋಗಿ, ಷಟರ್ ಮುಚ್ಚಿದ ಅಂಗಡ್ಯಾಗ ಒಂದು ಬಲ್ಬು ಹಚಗೊಂಡು ಡಬ್ಬಿ ಒರಸಾಕತ್ತಿದ್ಳು.

"ಏನ ಮಾಡಾಕತ್ತೀಯವಾ?" ಅಂದೆ.

"ಧೂಳ ಕುಂತದ ದೊಡ್ಡವ್ವ. ಬ್ಯಾಳ್ಯಾಗ ಹುಳ ಬೀಳತಾವ."

"ನಿನ್ನ ಮೈದುನ ಶಿವಶರಣ ಅಂಗಡಿ ಬಾಡಿಗಿ ಕೊಡ್ತಾನಂತ, ಖರೇನ?"

"ಹೂಂ. ಯಾದಗಿರಿಯಿಂದ ಮೊಬೈಲ್ ಅಂಗಡಿಯವ್ರನ್ನ ಸೋಮವಾರ ಕರಕೊಂಡು ಬರ್ತಾನಂತ. ನನಗ, ಗಂಗಾಗ ಸಗರದ ತವರಮನಿಗಿ ಹೋಗ್ರಿ ಅಂದಾನ, ಬಾಡಿಗಿ ಅಲ್ಲಿಗೇ ಕಳಸ್ತಾನಂತ. ಅವ ಕೆಟ್ಟಾಂವ ಅಲ್ಲ ದೊಡ್ಡವ್ವ. ಒಬ್ಬಾಕಿ ಹೆಂಗ ಇರ್ತಾಳ ಅಂತ ಚಿಂತಿಗಿ ಹೇಳ್ಯಾನ."

"ಅವನ ಚಿಂತಿ ಇರಲಿ. ನಿನ್ನ ಮನಸಿನ್ಯಾಗ ಏನದ, ಅದನ್ನ ಹೇಳು."

ಆಕಿ ಡಬ್ಬಿ ಒರಸೋದು ನಿಂದರಸಿದ್ಳು. "ನನಗ ಇಲ್ಲೇ ಕುಂಡ್ರಬೇಕು ಅನಸ್ತದ. ಅವರು ಊಟಕ್ಕ ಒಳಗ ಬಂದಾಗ ನಾನೇ ಕುಂಡ್ರತಿದ್ದೆ, ನನಗ ಎಲ್ಲಾ ಬರ್ತದ. ಓಣಿ ಮಂದಿ ಬರ್ತಾರ ಹೋಗ್ತಾರ, ನಾಕು ಮಾತಾಡ್ತಾರ. ಸಗರದಾಗ ಅಣ್ಣನ ಮನಿ ಮೂಲ್ಯಾಗ ಕುಂತು ನಾ ಏನು ಮಾಡ್ಲಿ? ಆದ್ರ ನನ್ನ ಯಾರು ಕರೀತಾರ ದೊಡ್ಡವ್ವ? ನಾನಾಗೇ ಷಟರ್ ಎತ್ತಿದ್ರ, ಗಂಡನ್ನ ಮಣ್ಣು ಮಾಡಿ ಗಲ್ಲಾದ ಮ್ಯಾಲ ಕುಂತಾಳ ಅಂತಾರ." ಅಷ್ಟಂದು ಆಕಿ ಮತ್ತ ಡಬ್ಬಿ ಒರಸಾಕತ್ತಿದ್ಳು.

ನಾ ಅಲ್ಲಿಂದ ನೆಟ್ಟಗ ಹಂಪಣ್ಣ ಸಾವಕಾರರ ಅಂಗಡಿಗಿ ಹೋದೆ. ಸಂಜಿ ಆಗಿತ್ತು, ಬೋಣಿ ಕಾಟ ಇರಲಿಲ್ಲ.

"ಸಾವಕಾರ್ರ, ಭಾರತಿ ಅಂಗಡಿ ಯಾವಾಗ ತೆಗಸ್ತೀರಿ?"

"ಶಿವಶರಣ ಏನೋ ಮಾಡ್ತಾನಂತಲ್ಲವಾ."

"ಶಿವಶರಣ ಯಾದಗಿರ್ಯಾಗ ನೌಕರಿ ಮಾಡಾಂವ. ಅಂಗಡಿ ಆಕೀದು, ಕುಂಡ್ರಾಕಿ ಆಕಿ. ಆಕಿನ್ನ ಕರಕೊಂಡು ಬರ್ರಿ."

ಸಾವಕಾರರು ಚಸ್ಮಾ ತಗದು ಒರಸಿಕೊಂಡ್ರು. "ಹೆಣ್ಮಗಳ ಕೈ ಹಿಡದು ಎಬ್ಬಿಸಿ ಅಂಗಡಿ ತೆಗಸಿದ್ದು ನಮ್ಮ ಓಣ್ಯಾಗ ಇಲ್ಲ ಮಲ್ಲೇಶ್ವರಿ. ಅದ್ರಾಗ ಆಕಿ ಹಿಂಗ ಆದಾಕಿ. ಮುಂಜಾನೆದ್ದು ಅಂಗಡ್ಯಾಗ ಎದುರಿಗಿ ಆಕೀನ ಕುಂತಿದ್ರ, ನಾಕು ಗಿರಾಕಿ ಬರೋರೂ ಬರಂಗಿಲ್ಲ. ಆಕೀದ ಚಲೋದಕ್ಕ ಹೇಳಾಕತ್ತೀನಿ."

ನನಗ ಸಿಟ್ಟು ನೆತ್ತಿಗಿ ಏರಿತು. "ಅಲ್ರೀ ಸಾವಕಾರ್ರ, ನಿಮ್ಮ ಹೆಂಡ್ತಿ ಹೋಗಿ ಎಷ್ಟು ವರ್ಷ ಆತು? ನೀವೂ ದಿನಾ ಮುಂಜಾನಿ ಗಲ್ಲಾದ ಮ್ಯಾಲ ಕುಂಡ್ರತೀರಲ್ಲ, ನಿಮ್ಮ ಗಿರಾಕಿಗೆ ಏನೂ ಆಗಿಲ್ಲಲ್ಲ? ಹೆಂಡ್ತಿ ಸತ್ರ ಕೈ ಕೆಡಂಗಿಲ್ಲ, ಗಂಡ ಸತ್ರ ಕೆಡ್ತದೇನು? ಯಾವ ಸ್ವಾಮಿ ಹೇಳ್ಯಾನ ನಿಮಗ?"

"ಏ, ಸಣ್ಣಗ ಮಾತಾಡವಾ, ಗಿರಾಕಿ ಅದಾರ. ಮಾತು ಬಲ್ಲವಗ ಜಗಳಿಲ್ಲ ಅಂತಾರ."

"ಗಾದಿ ಅರ್ಧಾನೇ ಹೇಳಿದ್ರಿ. ಊಟ ಬಲ್ಲವಗ ರೋಗಿಲ್ಲ ಅಂತನೂ ಅದ್ರಾಗ ಅದ. ನಾಳಿಯಿಂದ ನಿಮ್ಮ ಊಟದ ಫಿಕರ್ ನೀವೇ ಮಾಡ್ಕೋರಿ, ನನ್ನ ಒಲಿ ಬಂದ್!"

ಬಾಯಿಗಿ ಬಂದದ್ದು ಅಂದುಬಿಟ್ಟೆ. ಮನಿಗಿ ಬಂದು ಕುಂತ ಮ್ಯಾಲ, ಅಯ್ಯ ಶಿವನ, ನನ್ನ ಹೊಟ್ಟಿ ಮ್ಯಾಲ ನಾನೇ ಕಾಲು ಇಟಗೊಂಡೆನಲ್ಲ ಅಂತ ಅನಸಿತು. ಆದ್ರ ಅಂದ ಮಾತು ನುಂಗೋದು ನನ್ನ ಜಾಯಮಾನದಾಗ ಇಲ್ಲ. ಮರುದಿನ ಹಂಚು ತೊಳದು ಗ್ವಾಡಿಗಿ ನಿಂದರಸಿದೆ.

ಯಪ್ಪಾ, ಓಣ್ಯಾಗ ಏನು ಗದ್ದಲ! ಮಧ್ಯಾಹ್ನ ಆದ ಕೂಡಲೇ ಒಬ್ಬೊಬ್ಬರೇ ಬುಟ್ಟಿ ಹಿಡಕೊಂಡು ಬಂದ್ರು. "ಅಕ್ಕ, ರೊಟ್ಟಿ?" "ಇಲ್ಲ." "ಮೈಯಾಗ ಆರಾಮ ಇಲ್ಲೇನು?" "ನಾ ಗಟ್ಟಿ ಅದೀನಿ, ಓಣಿಗೇ ಆರಾಮ ಇಲ್ಲ. ಹೋಗಿ ಹಂಪಣ್ಣ ಸಾವಕಾರರನ್ನ ಕೇಳ್ರಿ." ಎಲ್ಲಾರನ್ನೂ ಅವರ ಕಡೇ ಅಟ್ಟಿದೆ. ಸಾವಕಾರರ ಮಗ ಶಹಾಪುರದಿಂದ ಪಾಕೀಟಿನ ರೊಟ್ಟಿ ತರಸಿದ್ನಂತ. ಅದನ್ನ ಮುರದ್ರ ಹಂಚು ಒಡದಂಗ ಸಪ್ಪಳ ಬರ್ತಿತ್ತಂತ, ಸಾವಕಾರರ ಕಟ್ಟಿಸಿಕೊಂಡ ಹಲ್ಲು ಅಲ್ಲಾಡಿತಂತ. ಇದನ್ನೆಲ್ಲಾ ನನಗ ಹೇಳಿದಾಂವ ಮೆಹಬೂಬ.

"ಅಕ್ಕಾ, ನಾ ನಿಮ್ಮ ಕಡೇನೇ ಅದೀನಿ," ಅಂದ ಅವ, ಹೊಟ್ಟಿ ಮ್ಯಾಲ ಕೈ ಇಟಗೊಂಡು. "ನನಗ ಯಾಕ ಈ ಸಜಾ?"

ಅವಗ, ಭಾರತಿಗಿ ಮಾತ್ರ ಮುಂಬಾಗಲಾ ಹಾಕಿ ಒಳಗ ಬಡದು ಕೊಟ್ಟೆ. ಪುಂಡಿಪಲ್ಯಾ, ಶೇಂಗಾ ಹಿಂಡಿ ಇಟ್ಟು ಕೊಟ್ರ, ಮೆಹಬೂಬ ಅಡಗಿ ಮನ್ಯಾಗ ಬಗ್ಗಿ ಕುಂತು, ಕದ್ದು ತಿಂದಂಗ ತಿಂದ. ಹೊರಗ ಹೋಗಿ, "ರೊಟ್ಟಿ ಇಲ್ದ ಭಾಳ ಹೈರಾಣ ಆಗ್ಯಾದಪ್ಪಾ" ಅಂತ ಎಲ್ಲಾರಿಗಿಂತ ಜೋರಾಗಿ ಅಂದ.

ರವಿವಾರ ಸಂಜಿಮುಂದ ಹಂಪಣ್ಣ ಸಾವಕಾರರು ತಾವೇ ನಮ್ಮ ಮನಿಗಿ ಬಂದ್ರು. ಅವರು ನಮ್ಮ ಹೊಸ್ತಲಾ ತುಳದದ್ದು ನನಗ ನೆನಪಿಲ್ಲ. ಕುರ್ಚಿ ಹಾಕಿದೆ, ಕುಂಡ್ರಲಿಲ್ಲ. ಬಾಗಲ್ದಾಗ ನಿಂತು, ಗ್ವಾಡಿಗಿ ನಿಂತಿದ್ದ ಹಂಚು ನೋಡಿದ್ರು.

"ನಿನ್ನ ರೊಟ್ಟಿಗಿ ಹೆದರಿ ಬಂದೀನಿ ಅಂತ ತಿಳಕೋಬ್ಯಾಡ," ಅಂದ್ರು.

"ನಾ ಹಂಗ ಅಂದಿಲ್ಲ."

"ನನ್ನ ಭುಜ ಏಳಂಗಿಲ್ಲ, ನಿನಗ ಗೊತ್ತದ. ಎಷ್ಟೋ ವರ್ಷದಿಂದ ನನ್ನ ಷಟರ್ ದಿನಾ ಮಹೇಶನ ಎತ್ತತಿದ್ದ. ಹೇಳಬೇಕಿರಲಿಲ್ಲ. ನಾ ಚಾವಿ ತಗೊಂಡು ಬರೋದು ನೋಡಿದ್ರ ಸಾಕು, ತನ್ನ ಕೆಲಸಾ ಬಿಟ್ಟು ಓಡಿ ಬರತಿದ್ದ. ಈಗ ದಿನಾ ಮುಂಜಾನಿ ಆ ಷಟರ್ ಮುಂದ ನಿಂತಾಗ..." ಸಾವಕಾರರು ಧೋತ್ರದ ಚುಂಗಿಲೆ ಮೂಗು ಒರಸಿಕೊಂಡ್ರು. "ನಾ ಅವನ ಹೆಂಡ್ತಿ ಷಟರ್ ಎತ್ತಸದಿದ್ರ, ಅವ ಎತ್ತಿದ್ದೆಲ್ಲಾ ವ್ಯರ್ಥ ಆತಲ್ಲವಾ. ಮಂದಿ ಏನರ ಅಂದಕೊಳ್ಳಲಿ. ನಾಳಿ ಸೋಮವಾರ ಅದ, ಚಲೋ ದಿನ. ಆ ಮೊಬೈಲ್ ಮಂದಿ ಬರೋದ್ರಾಗ ತೆಗಸಿಬಿಡೋಣು."

ನಾ ಏನರ ಚುಚ್ಚಿ ಮಾತಾಡಬೇಕಂತ ಬಾಯಿ ತೆರದಾಕಿ, ಸುಮ್ಮನ ಹಂಚು ತಗೊಂಡು ಒಲಿ ಮ್ಯಾಲ ಇಟ್ಟೆ. ಬಿಸಿ ರೊಟ್ಟಿ ಬಡದು, ಮ್ಯಾಲ ಬೆಣ್ಣಿ ಇಟ್ಟು ಕೊಟ್ಟೆ. ಸಾವಕಾರರು ಆಗ ಕುರ್ಚಿ ಮ್ಯಾಲ ಕುಂತ್ರು.

ಸೋಮವಾರ ಮುಂಜಾನಿ ಓಣಿ ಅಂಗಡಿಕಾರರೆಲ್ಲಾ ಜಳಕಾ ಮಾಡಿ, ಮಡಿ ಅಂಗಿ ಹಾಕ್ಕೊಂಡು ಭಾರತಿ ಮನಿ ಮುಂದ ಕೂಡಿದ್ರು. ಶಿವಶರಣ ಆಗಲೇ ಯಾದಗಿರಿಯಿಂದ ಬಂದಿದ್ದ. ಇಷ್ಟು ಮಂದಿ ನೋಡಿ ಗಾಬರಿ ಆದ. ಹಂಪಣ್ಣ ಸಾವಕಾರರು ಅವನ ಹೆಗಲ ಮ್ಯಾಲ ಕೈ ಇಟ್ಟು, "ತಮ್ಮಾ, ಆಕಿ ಅಂಗಡಿ ಆಕಿ ನಡಸಲಿ. ನಾವು ಇಷ್ಟೂ ಮಂದಿ ಆಜೂ ಬಾಜೂ ಅದೀವಿ," ಅಂದ್ರು.

ಶಿವಶರಣ ಒಂದು ಗಳಿಗಿ ಅತ್ತಿಗಿ ಮಾರಿ ನೋಡಿದ. "ನಾ ಬ್ಯಾಡ ಅಂದಿಲ್ಲ ಕಾಕಾ," ಅಂದ. "ಈ ಓಣ್ಯಾಗ ಆಕಿಗಿ ಯಾರದಾರ ಅಂತ ಹೆದರಿಕಿ ಇತ್ತು. ನೀವು ಒಬ್ಬರೂ ಬಂದು ಹೇಳಿರಲಿಲ್ಲ." ಕಿಸೇದಾಗಿನ ಚಾವಿ ತಗದು ಅವರ ಕೈಯಾಗ ಇಟ್ಟ. ಮೊಬೈಲ್ ಮಂದಿಗಿ ಬರಬ್ಯಾಡ್ರಿ ಅಂತ ಫೋನ್ ಹಚ್ಚಾಕ ಆ ಕಡಿ ಹೋದ.

ಭಾರತಿ ಕಂಬಕ್ಕ ಒರಗಿ ಕುಂತಿದ್ಳು. ಸಾವಕಾರರು ಹೋಗಿ ಆಕಿ ಕೈ ಹಿಡದ್ರು. "ಏಳವಾ ಮಗಳ, ಆದದ್ದಾತು, ನಡಿ." ಹೆಣ್ಮಗಳಿಗಿ ಆ ಮಾತು ಅಂದದ್ದು ಓಣ್ಯಾಗ ಅದೇ ಪೈಲೇ ಸಲ. ಭಾರತಿ ಎದ್ದಳು. ನಾ ಒಂದು ರಟ್ಟಿ ಹಿಡದೆ.

ಅಂಗಡಿ ಮುಂದ ಬಂದ ಕೂಡಲೇ ನಾ ರಟ್ಟಿ ಬಿಟ್ಟೆ. ಯಾರೂ ನೋಡದಂಗ ಹಿಂದ ಸರದು, ರಸ್ತಾ ದಾಟಿ, ಮೆಹಬೂಬನ ಬೆಂಚಿನ ಮ್ಯಾಲ ಹೋಗಿ ಕುಂತೆ.

ಖರೇ ಹೇಳ್ತೀನಿ ಕೇಳ್ರಿ. ಮಂದಿಗಿ ಬೈಯೋದು ಬ್ಯಾರೆ, ಒಳಗ ನಂಬೋದು ಬ್ಯಾರೆ. ಇಷ್ಟು ವರ್ಷ "ತಡಿಯವಾ" ಅನಸಗೊಂಡು ಅನಸಗೊಂಡು, ನನ್ನ ಕೈಯಾಗ ಏನೋ ಒಂದು ಅದ ಅಂತ ನನಗೇ ಅನಸಿಬಿಟ್ಟಿತ್ತು. ಬ್ಯಾರೆ ಯಾರದರ ಅಂಗಡಿ ಆಗಿದ್ರ, ಹಾಳಾಗಿ ಹೋಗಲಿ ಅಂತ ಬೇಕಂತಲೇ ನುಗ್ಗತಿದ್ದೆನೇನೋ. ಇದು ಭಾರತಿ ಅಂಗಡಿ. ಇದಕ್ಕ ನನ್ನ ನೆಳ್ಳೂ ಬೀಳಬಾರದು, ಈ ಹುಡುಗಿ ಬಾಳು ನೆಟ್ಟಗ ನಡೀಲಿ ಅಂತ ನಾ ಸೆರಗು ಹಿಡಕೊಂಡು ಕುಂತಿದ್ದೆ.

ಎದುರಿಗಿ ಷಟರ್ ಮ್ಯಾಲ ಹೋತು. ಭಾರತಿ ಕಸಾ ಹೊಡದ್ಳು, ಊದಿನಕಡ್ಡಿ ಹಚ್ಚಿದ್ಳು, ಮಹೇಶ ಕುಂಡ್ರೋ ಸ್ಟೂಲಿನ ಮ್ಯಾಲ ಕುಂತ್ಳು. ಹಂಪಣ್ಣ ಸಾವಕಾರರು ಹೊರಗ ನಿಂತು, "ಬೋಣಿಗಿ ನಮ್ಮ ಸೊಸಿ ಬಂದಾಳ. ಮೊನ್ನಿ ಮೊನ್ನಿ ಗಂಡು ಹಡದ ಕೈ, ಚಲೋ ಆಗ್ತದ," ಅಂದ್ರು. ಆ ಸೊಸಿ ಪಾಪ, ಬಗಲಾಗ ಕೂಸು ಎತಗೊಂಡು, ನೋಟು ಹಿಡಕೊಂಡು ಮೆಟ್ಟಲಾ ಹತ್ತಿದ್ಳು. ಮಂದಿ ದಾರಿ ಬಿಟ್ರು.

ಭಾರತಿ ಆ ಕಡಿ ಈ ಕಡಿ ನೋಡಿದ್ಳು. "ದೊಡ್ಡವ್ವ ಎಲ್ಲಿ?"

"ಅದಾಳ ಬಿಡವಾ, ಆಮ್ಯಾಲ ಬರ್ತಾಳ. ಪೈಲ ಬೋಣಿ ಆಗಲಿ," ಅಂತ ಯಾರೋ ಅಂದ್ರು.

ಭಾರತಿ ಎದ್ದಳು. ಚಪ್ಪಲಿ ಸುದ್ದಾ ಮೆಟ್ಟದ, ಮೆಟ್ಟಲಾ ಇಳದು, ರಸ್ತಾ ದಾಟಿ ನನ್ನ ಮುಂದ ಬಂದು ನಿಂತ್ಳು.

"ದೊಡ್ಡವ್ವ, ಬೋಣಿ ಮಾಡ ಬಾ."

"ಹುಚ್ಚಿ, ಹೋಗು ಒಳಗ! ಗಲ್ಲಾ ಬಿಟ್ಟು ಹಿಂಗ ಬರ್ತಾರೇನು? ಸಾವಕಾರರ ಸೊಸಿ ನಿಂತಾಳ, ಆಕಿ ಕೈಲೆ ಮಾಡಸು."

"ನಿನ್ನ ಕೈಗಿ ಏನಾಗ್ಯಾದ?"

"ನಿನಗ ಗೊತ್ತಿಲ್ಲೇನವಾ ಏನಾಗ್ಯಾದಂತ? ಮಂದಿ ಮುಂದ ನನ್ನ ಬಾಯಿಲೆ ಯಾಕ ಅನಸ್ತಿ?"

"ನನ್ನ ಕೈಗೂ ಅದೇ ಆಗ್ಯಾದಲ್ಲ ದೊಡ್ಡವ್ವ," ಅಂದ್ಳು ಭಾರತಿ. ಆಕಿ ದನಿ ಸಣ್ಣದು, ಆದ್ರ ಅವತ್ತ ಎಲ್ಲಾರಿಗೂ ಕೇಳಸಿತು. ಎರಡೂ ಅಂಗೈ ನನ್ನ ಮುಂದ ಹಿಡದ್ಳು. "ಇವತ್ತಿನಿಂದ ಈ ಕೈಲೇ ಓಣಿಗೆಲ್ಲಾ ಬೆಲ್ಲ ತೂಗಬೇಕು, ಮಂದಿ ಕೂಸುಗೋಳಿಗಿ ಬಿಸ್ಕೀಟು ಕೊಡಬೇಕು. ನಿನ್ನ ಕೈ ಕೆಟ್ಟದ್ದಂದ್ರ ನಂದೂ ಕೆಟ್ಟದ್ದೇ. ಕೆಟ್ಟ ಕೈಲೆ ನಾ ಯಾಕ ತೂಗಲಿ? ನೀ ಬರಂಗಿಲ್ಲಂದ್ರ ಹೇಳಿಬಿಡು, ಈಗಲೇ ಷಟರ್ ಎಳದು, ಚಾವಿ ಶಿವಶರಣನ ಕೈಯಾಗ ಕೊಟ್ಟು ಸಗರಕ್ಕ ಹೋಗ್ತೀನಿ."

ನಾ ಹಂಪಣ್ಣ ಸಾವಕಾರರ ಕಡಿ ನೋಡಿದೆ. ಅವರು ನೆಲಾ ನೋಡಕೋತ ನಿಂತಿದ್ರು. ಆಮ್ಯಾಲ ಸೊಸಿ ಕಡಿ ತಿರಗಿ, "ಇಳಿಯವಾ ಕೆಳಗ, ನಿಂದು ಆಮ್ಯಾಲ," ಅಂದ್ರು. ಸೊಸಿ ಇಳದ್ಳು. ಸಾವಕಾರರು ನನ್ನ ಕಡಿ ನೋಡಿ, ಬಾ ಅಂತ ಕೈ ಮಾಡಿದ್ರು.

ಭಾರತಿ ನನ್ನ ರಟ್ಟಿ ಹಿಡದು ಎಬ್ಬಿಸಿದ್ಳು. ಅಷ್ಟು ಮಂದಿ ನಡಕ ಹಾದು, ಹೆಂಗ ರಸ್ತಾ ದಾಟಿದೆ, ಹೆಂಗ ಮೆಟ್ಟಲಾ ಹತ್ತಿದೆ, ಆ ಶಿವಗೇ ಗೊತ್ತು. ಆಕಿ ಹೋಗಿ ಸ್ಟೂಲಿನ ಮ್ಯಾಲ ಕುಂತ್ಳು. ಸೆರಗಿಲೆ ಮಾರಿ ಒರಸಿಕೊಂಡು, ಗಿರಾಕಿಗಿ ಕೇಳಿದಂಗ ಕೇಳಿದ್ಳು.

"ಏನ ಕೊಡ್ಲಿ?"

ಏನು ತಗೋಬೇಕು ಅಂತ ನಾ ವಿಚಾರಾನೇ ಮಾಡಿರಲಿಲ್ಲ, ಬೋಣಿ ಗಿರಾಕಿ ಆಗಿ ನಾ ಎಂದೂ ನಿಂತಾಕಿ ಅಲ್ಲಲ್ಲ. ಕಡೀಕ, "ಬೆಲ್ಲ ಕೊಡವಾ" ಅಂದೆ.

ಆಕಿ ಬೆಲ್ಲ ಒಡದು ತಕ್ಕಡ್ಯಾಗ ಇಟ್ಟಳು. ತೂಕ ಸರಿ ಆದ ಮ್ಯಾಲ ಇನ್ನೊಂದು ಸಣ್ಣ ತುಣುಕು ಮ್ಯಾಲ ಹಾಕಿ, ಪೇಪರಿನ್ಯಾಗ ಕಟ್ಟಿ ಕೊಟ್ಟಳು. ನಾ ಸೊಂಟದ ಚೀಲದಾಗಿಂದ ನೋಟು ತಗದು ಮುಂದ ಹಿಡದೆ.

ಭಾರತಿ ಎರಡೂ ಕೈಲೆ ಆ ನೋಟು ತಗೊಂಡ್ಳು. ಎರಡೂ ಕಣ್ಣಿಗಿ ಒತ್ತಿಕೊಂಡ್ಳು, ಒತ್ತಿಕೊಂಡು ಹಂಗೇ ಕುಂತ್ಳು. ತಗದಾಗ ನೋಟು ತೊಯ್ದಿತ್ತು. ಅದನ್ನ ಖಾಲಿ ಗಲ್ಲಾದಾಗ ಇಟ್ಟು, ತಲಿ ಎತ್ತಿ, "ಈಗ ಯಾರ ಪಾಳಿ ಅದ, ಬರ್ರಿ" ಅಂತ ಓಣಿಗಿ ಅಂದ್ಳು.